ಮದ ಮುರಿದದ್ದು ದಯೆಯ ಕಾಲನ್ನು: ಕುಡಿತ, ಮಾದಕ ವಸ್ತು ಮತ್ತು ದಾಸರ ದಾರಿ

ಶ್ರೀ ಗುರುಭ್ಯೋ ನಮಃ. ಹರಿಃ ಓಂ.

ಹೋದ ಪಾಠದಲ್ಲಿ ಅರಿಷಡ್ವರ್ಗದ ಬಗ್ಗೆ ಶುರು ಮಾಡಿದ್ದೆವು. ಕಾಮ, ಕ್ರೋಧ, ಲೋಭ, ಮೋಹ ಆಯ್ತು. ಈ ಸಲ "ಮದ". ಸಾಮಾನ್ಯವಾಗಿ ಇದನ್ನ "ಗರ್ವ, ಅಹಂಕಾರ" ಅಂತ ಒಂದೇ ಮಾತಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡ್ತೀವಿ. ನಾನೂ ಹಾಗೇ ಮಾಡ್ತಿದ್ದೆ. ಆದರೆ ಭಾನುವಾರದ ತರಗತಿಯಲ್ಲಿ ಹನ್ನೊಂದು ವರ್ಷದ ಒಬ್ಬಳು ಹುಡುಗಿ, "ಆಂಟಿ, ಮದ ಅಂದ್ರೆ ಆಲ್ಕೋಹಾಲಾ?" ಅಂತ ಕೇಳಿದಳು. ಉಳಿದ ಮಕ್ಕಳು ನಕ್ಕರು. ನಾನೂ ನಕ್ಕು, "ಅಲ್ಲ ಪುಟ್ಟಿ, ಪ್ರೈಡ್" ಅಂದೆ. ಮನೆಗೆ ಬಂದ ಮೇಲೆ ನನ್ನ ಉತ್ತರವೇ ಅರ್ಧ ತಪ್ಪು ಅನ್ನಿಸಿತು.

ಯಾಕೆ ಗೊತ್ತಾ? ಮದ, ಮದ್ಯ, ಮದಿರೆ, ಮಾದಕ, ಉನ್ಮಾದ, ಪ್ರಮಾದ, ಇವೆಲ್ಲಾ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು. ಆ "ಮದ್" ಧಾತುವಿಗೆ ಹಿಗ್ಗುವುದು, ಸಂತೋಷಪಡುವುದು ಅನ್ನೋ ಅರ್ಥವೂ ಇದೆ. ಅಂದರೆ ಶುರುವಾಗೋದು ಹಿಗ್ಗಿನಿಂದಲೇ. ಹಿಗ್ಗು ಮೈಮರೆವಾಗತ್ತೆ, ಮೈಮರೆವು ಪ್ರಮಾದವಾಗತ್ತೆ. ಒಂದು ಶಬ್ದದ ಕುಟುಂಬದಲ್ಲೇ ಒಬ್ಬ ಕುಡುಕನ ಇಡೀ ಕಥೆ ಇದೆ. ಆ ಹುಡುಗಿ ಕೇಳಿದ್ದು ಸರಿಯಾಗೇ ಇತ್ತು.

ಈ ಪಾಠ ಸ್ವಲ್ಪ ಉದ್ದ ಆಗಬಹುದು, ಸ್ವಲ್ಪ ಕಷ್ಟವೂ ಆಗಬಹುದು. ದಯವಿಟ್ಟು ಪೂರ್ತಿ ಓದಿ.

ನಾನು ಮಾಡಿದ ತಪ್ಪು

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ. ಇದರಲ್ಲಿ ಬರುವ ದಂಪತಿಗಳ ಒಪ್ಪಿಗೆ ಕೇಳಿಯೇ ಬರೀತಿದೀನಿ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದೀನಿ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ (ಇಲ್ಲಿ ಅಮೆರಿಕದ ಊರು) ಭಜನಾ ಮಂಡಳಿಗೆ ಒಬ್ಬರು ಬರ್ತಿದ್ದರು. ಒಳ್ಳೆ ಶಾರೀರ, ಶ್ರುತಿಶುದ್ಧ. ಒಂದು ದಿನ ಪುರಂದರದಾಸರ ಒಂದು ಪದ ಹೇಳ್ತಾ ಹೇಳ್ತಾ ಚರಣದ ಮಧ್ಯೆ ನಿಲ್ಲಿಸಿಬಿಟ್ಟರು. ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನನ್ನ ಕೈಹಿಡಿದು, "ಅಕ್ಕಾ, ಇವರು ದಿನಾ ಕುಡೀತಾರೆ. ಮೊದಲು ವೀಕೆಂಡ್ ಮಾತ್ರ ಇತ್ತು, ಈಗ ಬೆಳಗ್ಗೇನೇ ಶುರು. ಅತ್ತೆ ಮಾವನಿಗೆ ಗೊತ್ತಿಲ್ಲ, ನಮ್ಮಮ್ಮನಿಗೂ ಹೇಳಿಲ್ಲ" ಅಂದರು.

ನಾನೇನು ಮಾಡಬೇಕಿತ್ತು? ಕೂರಿಸಿ ಕೇಳಬೇಕಿತ್ತು. ನಾನು ಮಾಡಿದ್ದು ಏನು ಅಂದರೆ, ಗಾಬರಿಯಾಗಿ ಒಂದೇ ಉಸಿರಲ್ಲಿ, "ಯೋಚನೆ ಮಾಡಬೇಡಿ, ಏಕಾದಶಿ ದಿನ ದೇವರ ಮುಂದೆ ಸಂಕಲ್ಪ ಮಾಡಿಸಿ, ಅವತ್ತಿಂದಲೇ ಪೂರ್ತಿ ಬಿಡಿಸಿ, ನಲವತ್ತೆಂಟು ದಿನ ಪಾರಾಯಣ ಮಾಡಿ, ಎಲ್ಲಾ ಸರಿಹೋಗತ್ತೆ" ಅಂದೆ. ಅಂದು ಪ್ರಸಾದದ ಡಬ್ಬಿ ಕೈಗೆ ಕೊಟ್ಟು ಕಳಿಸಿದೆ.

ಪಾಪ, ಅವರು ಹಾಗೇ ಮಾಡಿದರು. ಅವರ ಯಜಮಾನರಿಗೂ ಬಿಡಬೇಕು ಅಂತ ಮನಸ್ಸಿತ್ತು. ಏಕಾದಶಿ ಬೆಳಗ್ಗೆ ಸಂಕಲ್ಪ ಮಾಡಿ ಬಾಟಲಿಗಳನ್ನೆಲ್ಲಾ ಸಿಂಕಿಗೆ ಸುರಿದರು. ರಾತ್ರಿಯ ಹೊತ್ತಿಗೆ ಕೈ ನಡುಕ, ಮೈಯೆಲ್ಲಾ ಬೆವರು. ಉಪವಾಸದ ಸುಸ್ತು ಅಂದುಕೊಂಡರು. ದ್ವಾದಶಿ ಪಾರಣೆ ಹೊತ್ತಿಗೆ ಫಿಟ್ಸ್ ಬಂದು ಅಡುಗೆಮನೆಯಲ್ಲೇ ಬಿದ್ದರು. ಮಗ 911ಕ್ಕೆ ಫೋನ್ ಮಾಡಿದ. ಆಗ ಅವನಿಗೆ ಒಂಬತ್ತು ವರ್ಷ.

ರಾಯರ ದಯೆಯಿಂದ ಬದುಕಿಕೊಂಡರು. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದನ್ನ ನಾನು ಇವತ್ತಿಗೂ ಮರೆತಿಲ್ಲ. ಬಹಳ ಕಾಲದಿಂದ ವಿಪರೀತ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಆಗಬಹುದು, ವೈದ್ಯರ ಕಣ್ಣೆದುರಲ್ಲೇ ಬಿಡಿಸಬೇಕು ಅಂತ. ಎಂ.ಎ. ಮಾಡಿದ ನನಗೆ ಇಷ್ಟು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದಕ್ಕಿಂತ, ಗೊತ್ತಿಲ್ಲದೇ ಇದ್ದರೂ ಉಪದೇಶ ಕೊಟ್ಟೆನಲ್ಲ, ಅದು ನನ್ನ ಮದ.

ಭಾಗವತದಲ್ಲಿ ಕಲಿಗೆ ಸಿಕ್ಕ ಜಾಗ

ಭಾಗವತದ ಮೊದಲನೇ ಸ್ಕಂಧ, ಹದಿನೇಳನೇ ಅಧ್ಯಾಯ ನಿಮಗೆಲ್ಲಾ ಗೊತ್ತಿರುವ ಕಥೆಯೇ. ಪರೀಕ್ಷಿತ ಮಹಾರಾಜ ದಿಗ್ವಿಜಯಕ್ಕೆ ಹೋದಾಗ, ರಾಜವೇಷ ಹಾಕಿದ ಒಬ್ಬ ಮನುಷ್ಯ ಒಂದು ಎತ್ತನ್ನೂ ಒಂದು ಹಸುವನ್ನೂ ಹೊಡೀತಾ ಇರ್ತಾನೆ. ಎತ್ತು ಧರ್ಮ, ಹಸು ಭೂದೇವಿ, ಹೊಡೆಯುವವನು ಕಲಿ. ರಾಜ ಕತ್ತಿ ಎತ್ತಿದ ಕೂಡಲೇ ಕಲಿ ಕಾಲಿಗೆ ಬಿದ್ದು, "ನನಗೂ ಇರೋದಕ್ಕೆ ಒಂದು ಜಾಗ ಕೊಡು" ಅಂತ ಬೇಡ್ತಾನೆ. ರಾಜ ನಾಲ್ಕು ಜಾಗ ಕೊಡ್ತಾನೆ: ಜೂಜು, ಪಾನ, ವ್ಯಭಿಚಾರ, ಹಿಂಸೆ. ಸಾಲದು ಅಂದಾಗ ಐದನೆಯದು ಬಂಗಾರ.

ಇಲ್ಲಿ ನಾವು ಗಮನಿಸದೇ ಹೋಗುವ ಒಂದು ವಿಷಯ ಇದೆ. ಧರ್ಮದ ಎತ್ತಿಗೆ ನಾಲ್ಕು ಕಾಲು: ತಪಸ್ಸು, ಶೌಚ, ದಯೆ, ಸತ್ಯ. ಮೂರು ಕಾಲು ಆಗಲೇ ಮುರಿದಿವೆ. ಗರ್ವದಿಂದ ತಪಸ್ಸು, ದುಸ್ಸಂಗದಿಂದ ಶೌಚ, ಮದದಿಂದ ದಯೆ ಅಂತ ಕ್ರಮವಾಗಿ ಹೊಂದಿಸಿ ಅರ್ಥ ಹೇಳ್ತಾರೆ. ಗರ್ವ ಬೇರೆ, ಮದ ಬೇರೆ ಅನ್ನೋದು ಇಲ್ಲೇ ಸ್ಪಷ್ಟ. ಮದ ಮುರಿದದ್ದು ದಯೆಯ ಕಾಲನ್ನು!

ಕುಡಿತ ಆರೋಗ್ಯ ಕೆಡಿಸತ್ತೆ, ದುಡ್ಡು ಖಾಲಿ ಮಾಡತ್ತೆ ಅಂತ ಎಲ್ಲರೂ ಹೇಳ್ತಾರೆ. ಭಾಗವತ ಅದಕ್ಕಿಂತ ಆಳಕ್ಕೆ ಹೋಗತ್ತೆ. ಪ್ರೀತಿಸುವ ಅಪ್ಪ ಮಗುವಿನ ಮೇಲೆ ಕೈ ಎತ್ತುತ್ತಾನಲ್ಲ, ಆಗ ಮುರಿದದ್ದು ದಯೆ. ಎರಡು ಪೆಗ್ ಹಾಕಿ ಸ್ಟೀರಿಂಗ್ ಹಿಡಿದಾಗ ಎದುರಿನ ಕಾರಿನಲ್ಲಿ ಇರುವವರ ಮೇಲಿನ ದಯೆ ಹೋಗಿರತ್ತೆ. ಈ ದೇಶದಲ್ಲಿ ಕುಡಿದು ಗಾಡಿ ಓಡಿಸುವುದರಿಂದಲೇ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯ್ತಾರೆ. ಇನ್ನು ಅಂಥ ಮನೆಯನ್ನ ನೋಡಿ ನಾವು ಆಡಿಕೊಳ್ತೀವಲ್ಲ, ಆಗ ನಮ್ಮ ದಯೆಯ ಕಾಲೂ ಮುರಿದಿರತ್ತೆ. ಕುಡಿಯದೇ ಇದ್ದವರಿಗೂ ಮದ ಏರಬಹುದು.

ಕೃಷ್ಣನ ಮನೆಯಲ್ಲೇ ಆಯಿತು

"ನಮ್ಮಂಥ ಮನೆಯಲ್ಲಿ ಹೀಗಾಗೋದುಂಟೇ?" ಅಂತ ನಾಚಿಕೆಪಡುವವರು ಮಹಾಭಾರತದ ಮೌಸಲಪರ್ವ ಓದಬೇಕು. ಕುರುಕ್ಷೇತ್ರ ಯುದ್ಧ ಮುಗಿದು 36ನೇ ವರ್ಷ. ಋಷಿಶಾಪದಿಂದ ಒನಕೆ ಹುಟ್ಟಿದ ಮೇಲೆ ದ್ವಾರಕೆಯಲ್ಲಿ ಡಂಗುರ ಸಾರಿಸ್ತಾರೆ, ಇನ್ನು ಯಾರೂ ಮದ್ಯ ತಯಾರಿಸಕೂಡದು, ಮಾಡಿದವರಿಗೆ ಮರಣದಂಡನೆ ಅಂತ. ಎಷ್ಟು ಕಠಿಣ ಕಾನೂನು ನೋಡಿ. ಆದರೂ ಪ್ರಭಾಸಕ್ಷೇತ್ರಕ್ಕೆ ತೀರ್ಥಯಾತ್ರೆ ಹೊರಟಾಗ ಯಾದವರು ಮದ್ಯ ಕಟ್ಟಿಕೊಂಡೇ ಹೋದರು. ಬ್ರಾಹ್ಮಣರಿಗೆ ಅಂತ ಮಾಡಿದ ಅಡುಗೆಗೆ ಮದ್ಯ ಸುರಿದು ಕೋತಿಗಳಿಗೆ ಹಾಕಿದರು.

ಆಮೇಲೆ ಮಾತಿಗೆ ಮಾತು ಬೆಳೀತು. ಸಾತ್ಯಕಿ ಕೃತವರ್ಮನಿಗೆ, "ಮಲಗಿದ್ದವರನ್ನ ಕೊಂದವನು ನೀನು" ಅಂತ ಹಂಗಿಸಿದ. ಕೃತವರ್ಮ ಭೂರಿಶ್ರವಸ್ಸಿನ ಸಾವು ಎತ್ತಿ ಆಡಿದ. ಸಾತ್ಯಕಿ ಕತ್ತಿ ಎತ್ತಿದ. ಹದಿನೆಂಟು ಅಕ್ಷೌಹಿಣಿ ಸೇನೆ ಸತ್ತ ಯುದ್ಧದಲ್ಲಿ ಬದುಕಿ ಉಳಿದ ಬೆರಳೆಣಿಕೆಯ ವೀರರಲ್ಲಿ ಇವರಿಬ್ಬರೂ ಇದ್ದರು! ಹದಿನೆಂಟು ದಿನದ ಬಾಣಗಳು ಮಾಡಲಾಗದ್ದನ್ನ ಒಂದು ದಿನದ ಪಾನ ಮಾಡಿತು. ಮೂವತ್ತಾರು ವರ್ಷದ ಹಳೇ ದ್ವೇಷ ಒಳಗೆ ಇದ್ದೇ ಇತ್ತು, ಮದ್ಯ ಅದರ ಬಾಗಿಲು ತೆಗೀತು, ಅಷ್ಟೇ.

ಭೂಭಾರ ಇಳಿಸುವ ಭಗವತ್ಸಂಕಲ್ಪ ಇದು ಅಂತ ನಾವು ತಿಳೀತೀವಿ, ಸರಿ. ಆದರೆ ಸಂಸಾರಿಗಳಾದ ನಮಗೆ ಇನ್ನೊಂದು ಪಾಠವೂ ಇದೆ. ಸಾಕ್ಷಾತ್ ಪರಮಾತ್ಮ ಇದ್ದ ಮನೆಯಲ್ಲೇ ಇದು ನಡೀತು, ವ್ಯಾಸರು ಅದನ್ನ ಮುಚ್ಚಿಡದೇ ಬರೆದರು. ನಾವು ಮಾತ್ರ "ನಾಲ್ಕು ಜನ ಏನಂತಾರೆ" ಅಂತ ಮುಚ್ಚಿಡ್ತೀವಿ.

ನಾವು ಮುಚ್ಚಿಡುವ ಮನೆಗಳು ಒಂದೆರಡಲ್ಲ. ಭಾರತ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸ್ತಾರೆ, ಅದರಲ್ಲಿ 5 ಕೋಟಿಗೂ ಹೆಚ್ಚು ಜನಕ್ಕೆ ಚಿಕಿತ್ಸೆಯ ನೆರವು ಬೇಕು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧ ಆಯ್ತು, ಆದರೂ ಕುಡಿತ ನಿಲ್ಲಲಿಲ್ಲ. ದ್ವಾರಕೆಯ ಡಂಗುರದ ಕಥೆಯೇ ಮತ್ತೆ! ಕಾನೂನು ಬೇಕು, ಆದರೆ ಅದೊಂದೇ ಸಾಲದು.

ಬಿಟ್ಟರೂ ಬಿಡದ ರುಚಿ

ಹಾಗಾದರೆ ಇನ್ನೇನು ಬೇಕು? ಗೀತೆಯ ಎರಡನೇ ಅಧ್ಯಾಯದಲ್ಲಿ ಕೃಷ್ಣ ಒಂದು ಸೂಕ್ಷ್ಮ ಹೇಳ್ತಾನೆ. ಆಹಾರ ಬಿಟ್ಟವನಿಂದ ವಿಷಯಗಳು ದೂರ ಹೋಗ್ತವೆ, ಆದರೆ ಅದರ ರುಚಿ ಹೋಗೋದಿಲ್ಲ. ಅದಕ್ಕಿಂತ ದೊಡ್ಡದನ್ನ ಕಂಡಾಗ ಆ ರುಚಿಯೂ ಹೋಗತ್ತೆ ಅಂತ.

ಇವತ್ತಿನ ವೈದ್ಯರು ಹೇಳೋದೂ ಇದಕ್ಕೆ ದೂರ ಇಲ್ಲ. ಮದ್ಯ, ಮಾದಕ ವಸ್ತುಗಳು ಮೆದುಳಿನಲ್ಲಿ ಸಂತೋಷ ಕೊಡುವ ವ್ಯವಸ್ಥೆಯನ್ನೇ ಹಿಡಿದುಕೊಳ್ತವೆ. ಬರ್ತಾ ಬರ್ತಾ ಮೊದಲಿನಷ್ಟು ಹಿಗ್ಗು ಬರೋದಕ್ಕೆ ಹೆಚ್ಚು ಹೆಚ್ಚು ಬೇಕಾಗತ್ತೆ. ಊಟ, ಸಂಗೀತ, ಮಕ್ಕಳ ನಗು ಯಾವುದೂ ರುಚಿಸೋದಿಲ್ಲ. ಬಿಟ್ಟು ತಿಂಗಳುಗಳಾದರೂ ಒಂದು ವಾಸನೆ, ಒಬ್ಬ ಹಳೇ ಸ್ನೇಹಿತ, ಒಂದು ಶುಕ್ರವಾರ ಸಂಜೆ ಸಾಕು, ಆ ಬಯಕೆ ಎದ್ದು ಕೂರತ್ತೆ. ಅದಕ್ಕೇ ಇದನ್ನ "ಚಟ" ಅಂತ ಬೈದು ಬಿಡದೇ "ಕಾಯಿಲೆ" ಅಂತ ಕರೀತಾರೆ.

ಪುರಂದರದಾಸರು ರಾಮನಾಮವನ್ನ ಪಾಯಸಕ್ಕೂ, ಕೃಷ್ಣನಾಮವನ್ನ ಸಕ್ಕರೆಗೂ, ವಿಠಲನಾಮವನ್ನ ತುಪ್ಪಕ್ಕೂ ಹೋಲಿಸಿದ ಪದ ನಾವೆಲ್ಲಾ ಹಾಡ್ತೀವಿ. ಪಲ್ಲವಿಯ ಸಿಹಿ ನಮಗೆ ಇಷ್ಟ. ಆದರೆ ಚರಣಗಳನ್ನ ನೋಡಿ: ಗೋಧಿ ತರಬೇಕು, ವೈರಾಗ್ಯದ ಕಲ್ಲಿನಲ್ಲಿ ಬೀಸಬೇಕು, ಶಾವಿಗೆ ಹೊಸೀಬೇಕು, ಹೃದಯದ ಪಾತ್ರೆಯಲ್ಲಿ ಎಸರಿಡಬೇಕು, ಬೇಯಿಸಬೇಕು, ಆಮೇಲೆ ಬಡಿಸಿಕೊಳ್ಳೋದು. ದಾಸರು ಒಂದು ರುಚಿಯನ್ನ ಇನ್ನೊಂದು ದೊಡ್ಡ ರುಚಿಯಿಂದ ಬಿಡಿಸ್ತಾರೆ, ಆದರೆ ದಿಢೀರ್ ಅಂತಲ್ಲ. ನಾನು ಆ ತಾಯಿಗೆ ಕೊಟ್ಟದ್ದು ಇನ್‌ಸ್ಟಂಟ್ ಪಾಯಸದ ಪೊಟ್ಟಣ. ಬೀಸುವ, ಹೊಸೆಯುವ ಕೆಲಸದಲ್ಲಿ ವೈದ್ಯರೂ ಬೇಕು, ಔಷಧಿಯೂ ಬೇಕು, ಮನೆಯವರೂ ಬೇಕು. ನಾಮ ಇವೆಲ್ಲದರ ಜೊತೆಗೆ, ಇವುಗಳ ಬದಲಿಗೆ ಅಲ್ಲ.

ದಕ್ಷಿಣ ಕನ್ನಡದ ಕಡೆಯವರಿಗೆ ಗೊತ್ತಿರತ್ತೆ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡ್ತಾರೆ. ಅಲ್ಲಿ ಭಜನೆಯೂ ಇದೆ, ಸಲಹೆ, ಚಿಕಿತ್ಸೆಯೂ ಇದೆ. ಶಿಬಿರ ಮುಗಿದ ಮೇಲೆ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗಿರಲಿ ಅಂತ ನವಜೀವನ ಸಮಿತಿಗಳನ್ನೂ ಮಾಡ್ತಾರೆ. ಪಾಯಸ ಮಾಡುವ ಕ್ರಮ ಅಂದರೆ ಇದು.

ನಮ್ಮ ಮಕ್ಕಳು ಇರುವ ದೇಶ

ಇಲ್ಲಿ ಅಮೆರಿಕದಲ್ಲಿ ಇನ್ನೊಂದು ಭಯ ಇದೆ, ಹೇಳದೇ ಇರೋಕಾಗಲ್ಲ. 2021ರಿಂದ 2023ರವರೆಗೆ ಪ್ರತಿ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಜನ ಮಾದಕ ವಸ್ತುವಿನ ಓವರ್‌ಡೋಸ್‌ನಿಂದ ತೀರಿಕೊಂಡರು. ಹೆಚ್ಚಿನವರ ಸಾವಿಗೆ ಫೆಂಟನಿಲ್ ಕಾರಣ. ಅದು ಹೆರಾಯಿನ್‌ಗಿಂತ ಸುಮಾರು 50 ಪಟ್ಟು ತೀಕ್ಷ್ಣ. ಔಷಧದಂಗಡಿಯ ಮಾತ್ರೆಯ ಹಾಗೇ ಕಾಣುವ ನಕಲಿ ಮಾತ್ರೆಗಳಲ್ಲಿ ಅದನ್ನ ಬೆರೆಸಿರ್ತಾರೆ. ಪರೀಕ್ಷೆಗೆ ಎಚ್ಚರ ಇರಬೇಕು ಅಂತ ಸ್ನೇಹಿತ ಕೊಟ್ಟ ಒಂದೇ ಒಂದು ಮಾತ್ರೆ ನುಂಗಿದರೂ ಸಾಕು. "ನಮ್ಮ ಮಕ್ಕಳು ಭಜನೆಗೆ ಬರ್ತಾರೆ, ಅವರಿಗೆ ಇದೆಲ್ಲಾ ಗೊತ್ತಿಲ್ಲ" ಅಂದುಕೊಳ್ಳಬೇಡಿ. ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಹತ್ತಿರ ಹೇಳಲ್ಲ, ಅಷ್ಟೇ.

ಆಪರೇಷನ್ ಆದಾಗ ಕೊಟ್ಟ ನೋವಿನ ಮಾತ್ರೆ ಮನೆಯಲ್ಲಿ ಉಳಿದಿದ್ದರೆ ಫಾರ್ಮಸಿಗೆ ವಾಪಸ್ ಕೊಡಿ, ಅನೇಕ ಕಡೆ ಅದಕ್ಕೆ ಪೆಟ್ಟಿಗೆ ಇಟ್ಟಿರ್ತಾರೆ. ಓವರ್‌ಡೋಸ್ ಆದಾಗ ಪ್ರಾಣ ಉಳಿಸುವ ನಲಾಕ್ಸೋನ್ ಅನ್ನೋ ಮೂಗಿನ ಸ್ಪ್ರೇ 2023ರಿಂದ ಚೀಟಿ ಇಲ್ಲದೇ ಅಂಗಡಿಯಲ್ಲೇ ಸಿಗತ್ತೆ. ನಮ್ಮ ಮಂಡಳಿಯ ಫಸ್ಟ್ ಏಡ್ ಡಬ್ಬಿಯಲ್ಲಿ ಈಗ ಒಂದು ಇಟ್ಟಿದೀವಿ. ಇದನ್ನ ಯಾಕೆ ದೇವರ ಮನೆ ಪಕ್ಕ ಇಡ್ತೀರಿ ಅಂತ ಒಬ್ಬರು ಕೇಳಿದರು. ಯಾರಿಗೂ ಬೇಕಾಗದೇ ಇರಲಿ ಅಂತ ದೇವರನ್ನ ಬೇಡಿಕೊಂಡೇ ಇಟ್ಟಿದೀವಿ ಅಂದೆ.

ಗೋಪಾಲದಾಸರು ಬೈಯಲಿಲ್ಲ

ಮದ ಏರಿದವರ ಜೊತೆ ಹೇಗೆ ನಡಕೊಳ್ಳಬೇಕು ಅನ್ನೋದಕ್ಕೆ ನಮ್ಮ ದಾಸ ಪರಂಪರೆಯಲ್ಲೇ ಒಂದು ಕಥೆ ಇದೆ. ಮಾನ್ವಿಯ ಶ್ರೀನಿವಾಸಾಚಾರ್ಯರು ದೊಡ್ಡ ಪಂಡಿತರು. ಅವರದು ವಿದ್ಯಾಮದ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲ. ಆಮೇಲೆ ನಿಜವಾಗಲೂ ತಡೆಯಲಾರದ ಹೊಟ್ಟೆನೋವು ಬಂತು. ಮಂತ್ರಾಲಯದಲ್ಲಿ ರಾಯರ ಸೇವೆ ಮಾಡಿದಾಗ, ವಿಜಯದಾಸರ ಬಳಿಗೇ ಹೋಗು ಅಂತ ಸೂಚನೆ ಆಯ್ತು. ವಿಜಯದಾಸರು ತಮ್ಮ ಶಿಷ್ಯರಾದ ಗೋಪಾಲದಾಸರ ಹತ್ತಿರ ಕಳಿಸಿದರು.

ಗೋಪಾಲದಾಸರು "ನಮ್ಮ ಗುರುಗಳಿಗೆ ಅವಮಾನ ಮಾಡಿದವನು, ಅನುಭವಿಸಲಿ" ಅನ್ನಬಹುದಿತ್ತು. ಅವರು ತಮ್ಮ ಆಯುಸ್ಸಿನಲ್ಲೇ 40 ವರ್ಷ ದಾನ ಮಾಡಿದರು. ಆ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ನಮಗೆ ಹರಿಕಥಾಮೃತಸಾರ ಕೊಟ್ಟರು. ಯೋಚನೆ ಮಾಡಿ, ಅವತ್ತು ಗೋಪಾಲದಾಸರು ಬಾಗಿಲು ಹಾಕಿದ್ದರೆ ನಮಗೆ ಆ ಗ್ರಂಥವೇ ಇರುತ್ತಿರಲಿಲ್ಲ.

ನಮಗೆ ಆಯುಸ್ಸು ಕೊಡುವ ಶಕ್ತಿ ಇಲ್ಲ. ಒಂದು ಗಂಟೆ ಕೊಡಬಹುದು, ಕಿವಿ ಕೊಡಬಹುದು. ಹಾಗಂತ ದಯೆ ಅಂದರೆ ಸಹಿಸಿಕೊಂಡು ಹೊಡೆಸಿಕೊಳ್ಳೋದು ಅಂತ ತಿಳೀಬೇಡಿ. ಅಂಥ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ನಾನು ಕೈಮುಗಿದು ಹೇಳ್ತೀನಿ, ಹೊಡೆತ ಬೀಳ್ತಿದ್ದರೆ ಮೊದಲು ಮಕ್ಕಳನ್ನ ಕರಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ. ದಯೆಯಲ್ಲಿ ನಿಮ್ಮ ಮೇಲಿನ ದಯೆಯೂ ಸೇರಿದೆ.

ಹೇಳಿಕೊಳ್ಳುವ ಧೈರ್ಯ

ದಾಸರ ಪದಗಳಲ್ಲಿ ಆತ್ಮನಿವೇದನೆಯದೇ ಒಂದು ದೊಡ್ಡ ಭಾಗ. "ನಾನು ತಪ್ಪು ಮಾಡಿದೆ, ಕೆಟ್ಟೆ, ನೀನೇ ಕಾಯಬೇಕು" ಅಂತ ಊರ ಬೀದಿಯಲ್ಲಿ ಎಲ್ಲರ ಎದುರು ಹಾಡಿಕೊಂಡರು. ನವಕೋಟಿ ನಾರಾಯಣ ಅನ್ನಿಸಿಕೊಂಡಿದ್ದ ಶ್ರೀನಿವಾಸ ನಾಯಕರಿಗೆ ಕಲಿಯ ಐದನೇ ಜಾಗ, ಅದೇ ಬಂಗಾರ, ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು ಅನ್ನೋದು ನಮಗೆಲ್ಲಾ ಗೊತ್ತು. ಅವರು ಅದನ್ನ ಬಚ್ಚಿಡಲಿಲ್ಲ. ತಂಬೂರಿ ಹಿಡಿದು ಬೀದಿಗೆ ಬಂದರು.

1935ರಲ್ಲಿ ಇದೇ ದೇಶದ ಓಹಾಯೋದಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಶುರುವಾದದ್ದೂ ಹೀಗೇ. ಕುಡಿತದಿಂದ ಕೆಟ್ಟ ಇಬ್ಬರು ಎದುರುಬದುರು ಕೂತು ತಮ್ಮ ಕಥೆ ಹೇಳಿಕೊಂಡರು. ಮನೆಯವರಿಗೋಸ್ಕರ ಅಲ್-ಅನಾನ್ ಅಂತ ಬೇರೆ ಗುಂಪುಗಳೂ ಇವೆ. ಆ ತಾಯಿಗೆ ಅದರಿಂದ ಬಹಳ ಬಲ ಬಂತು. "ಅಕ್ಕಾ, ಅಲ್ಲಿ ಯಾರೂ ನನಗೆ ಸಲಹೆ ಕೊಡಲಿಲ್ಲ, ಸುಮ್ಮನೆ ಕೇಳಿದರು" ಅಂದರು. ನನಗೆ ಚುರುಕ್ ಅಂತು. ಅವರು ಬೇಕಂತ ಅಂದದ್ದಲ್ಲ.

ಅವರ ಯಜಮಾನರು ಚಿಕಿತ್ಸೆ ಮುಗಿಸಿ ಬಂದರು. ಮಧ್ಯೆ ಒಂದು ಸಲ ಮತ್ತೆ ಕುಡಿದರು. ಆಗ ಅವರೇ ನನಗೆ ಫೋನ್ ಮಾಡಿ, "ಮೇಡಂ, ಎಲ್ಲಾ ಹಾಳಾಯ್ತು" ಅಂದರು. ಈ ಸಲ ನಾನು ಉಪದೇಶ ಮಾಡಲಿಲ್ಲ. "ತರಗತಿಯಲ್ಲಿ ಶ್ರುತಿ ತಪ್ಪಿದರೆ ನಾನು ಪುಸ್ತಕ ಮುಚ್ಚಿಸ್ತೀನಾ? ಮತ್ತೆ ಷಡ್ಜಕ್ಕೆ ಬನ್ನಿ ಅಂತೀನಿ. ನಾಳೆ ಡಾಕ್ಟರ ಹತ್ತಿರ ಹೋಗಿ, ಶನಿವಾರ ಭಜನೆಗೆ ಬನ್ನಿ" ಅಂದೆ. ಬಂದರು. ಹಿಂದುಗಡೆ ಗೋಡೆಗೆ ಒರಗಿ ಕೂತು ತಾಳ ಹಾಕಿದರು. ಈಗಲೂ ಅದೇ ಜಾಗದಲ್ಲಿ ಕೂರ್ತಾರೆ. ಪೂರ್ತಿ ಗೆದ್ದರು ಅಂತ ನಾನು ಬರೆಯೋದಿಲ್ಲ, ಅವರೂ ಹಾಗನ್ನೋದಿಲ್ಲ. "ಇವತ್ತು ಕುಡಿದಿಲ್ಲ" ಅಂತಾರೆ. ಸರಳೆ ವರಸೆ ಕಲಿಸಿಕೊಟ್ಟ ಪುರಂದರದಾಸರಿಗೆ ಈ ಲೆಕ್ಕ ಖಂಡಿತ ಒಪ್ಪಿಗೆಯಾಗತ್ತೆ, ಒಂದು ದಿನಕ್ಕೆ ಒಂದು ವರಸೆ.

ಈ ವಾರದ ಮನೆಪಾಠ

1. ನಿಮಗೆ ಬರುವ ಆತ್ಮನಿವೇದನೆಯ ಒಂದು ಪದವನ್ನ ನಿಧಾನ ಕಾಲದಲ್ಲಿ, ಅರ್ಥ ನೋಡಿಕೊಂಡು ಹಾಡಿ. "ನಾನು" ಅನ್ನೋ ಜಾಗದಲ್ಲಿ ದಾಸರನ್ನಲ್ಲ, ನಮ್ಮನ್ನೇ ಇಟ್ಟುಕೊಳ್ಳಬೇಕು.

2. ಮಕ್ಕಳ ಜೊತೆ ಕೂತು ಪರೀಕ್ಷಿತನ ಕಥೆ ಹೇಳಿ. ಕೊನೆಗೆ, "ಎಂಥ ತಪ್ಪಾದರೂ ಮೊದಲು ನನಗೆ ಫೋನ್ ಮಾಡು, ಬೈಯಲ್ಲ, ಬಂದು ಕರಕೊಂಡು ಹೋಗ್ತೀನಿ" ಅಂತ ಮಾತು ಕೊಡಿ. ಕೊಟ್ಟ ಮಾತು ಉಳಿಸಿಕೊಳ್ಳಿ.

3. ಮನೆಯಲ್ಲಿ ಈ ಕಷ್ಟ ಇದ್ದರೆ ದಯವಿಟ್ಟು ವೈದ್ಯರನ್ನ ಕಾಣಿ. ದಿನಾ ಕುಡಿಯುವವರನ್ನ ಹಠಾತ್ತಾಗಿ ಬಿಡಿಸೋದಕ್ಕೆ ಹೋಗಬೇಡಿ. ಬಯಕೆ ತಗ್ಗಿಸುವ ಮಾತ್ರೆಗಳೂ ಈಗ ಇವೆ. ಅಮೆರಿಕದಲ್ಲಿ 1-800-662-4357 ಹಗಲೂ ರಾತ್ರಿ ಉಚಿತ ಸಹಾಯವಾಣಿ, ಮನಸ್ಸಿಗೆ ತೀರಾ ಸಂಕಟವಾದರೆ 988. ಊರಲ್ಲಿರುವವರಿಗೆ 14446, ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವೂ ಇದೆ.

4. ಯಾರಾದರೂ ನಿಮ್ಮ ಕೈಹಿಡಿದು ಹೇಳಿಕೊಂಡರೆ, ಪ್ರಸಾದದ ಡಬ್ಬಿ ಕೊಟ್ಟು ಕಳಿಸಬೇಡಿ. ಕೂರಿಸಿ, ಕೇಳಿ.

ಆ ಹನ್ನೊಂದು ವರ್ಷದ ಪುಟ್ಟಿಗೆ ಮುಂದಿನ ಭಾನುವಾರ ನನ್ನ ಉತ್ತರ ತಿದ್ದಿ ಹೇಳಿದೆ. "ಹೌದು ಪುಟ್ಟಿ, ಮದ ಅಂದ್ರೆ ಅದೂ ಹೌದು. ಯಾವುದು ಏರಿದಾಗ ಇನ್ನೊಬ್ಬರ ನೋವು ಕಾಣೋದಿಲ್ಲವೋ ಅದೆಲ್ಲಾ ಮದ." ಅವಳು ತಲೆ ಅಲ್ಲಾಡಿಸಿ ಪುಸ್ತಕದಲ್ಲಿ ಬರೆದುಕೊಂಡಳು. ನೀವೂ ಬರೆದುಕೊಳ್ಳಿ.

ಮುಂದಿನ ಪಾಠದಲ್ಲಿ ಮಾತ್ಸರ್ಯ. ಅಲ್ಲಿಯವರೆಗೆ ಎಲ್ಲರಿಗೂ ಹರಿವಾಯುಗುರುಗಳು ಸದ್ಬುದ್ಧಿಯನ್ನೂ ದಯೆಯನ್ನೂ ಕೊಡಲಿ.

ಶ್ರೀ ಕೃಷ್ಣಾರ್ಪಣಮಸ್ತು.